ಅಂಟಿಲ್ಲದ, ಗಂಟಿಲ್ಲದ ಡಬ್ಬಿ: ಒಜಿಬ್ವೆ ಜನರ ತೊಗಟೆ ಮತ್ತು ಮುಳ್ಳಿನ ಕೆಲಸ

ಅಂಗೈ ಮೇಲೆ ಕೂರುವಷ್ಟು ಚಿಕ್ಕದೊಂದು ದುಂಡು ಡಬ್ಬಿ. ಮುಚ್ಚಳದ ಮೇಲೆ ಒಂದು ಹೂವು: ದಳಗಳು ಬಿಳಿ, ನಡುವೆ ಹಳದಿ, ಸುತ್ತ ಕಂದು ನೆಲ. ಹೊಳಪು ನೋಡಿದರೆ ರೇಷ್ಮೆ ದಾರದ ಕಸೂತಿ ಎನ್ನಬೇಕು. ಬೆರಳಾಡಿಸಿದಾಗಲೇ ಗೊತ್ತಾಗುವುದು ಇದು ದಾರವಲ್ಲ, ಒಂದೊಂದು ಗೆರೆಯೂ ಮುಳ್ಳುಹಂದಿಯ ಒಂದೊಂದು ಮುಳ್ಳು ಎಂದು. ಡಬ್ಬಿಯ ಮೈ ಮರದ ತೊಗಟೆ. ಅಂಚಿಗೆ ಸುತ್ತಿರುವುದು ಹುಲ್ಲು. ಮುಚ್ಚಳ ತೆರೆದರೆ ಅದರ ಪರಿಮಳ ಮೂಗಿಗೆ ಬರುತ್ತದೆ. ಇಷ್ಟು ಕೆಲಸದಲ್ಲಿ ಎಲ್ಲಿಯೂ ಅಂಟು ಹಾಕಿಲ್ಲ, ಮುಳ್ಳುಗಳಿಗೆ ಗಂಟು ಬಿಗಿದಿಲ್ಲ. ಹಾಗಿದ್ದರೆ ನೂರಾರು ಮುಳ್ಳುಗಳು ದಶಕಗಟ್ಟಲೆ ಕದಲದೆ ನಿಂತಿರುವುದು ಯಾವುದರ ಬಲದಿಂದ?

ನೀರಿನ ಬಲದಿಂದ. ಬರುವ ನೀರು, ಹೋಗುವ ನೀರು. ಮರದಲ್ಲಿ ರಸ ಏರಿದಾಗ ತೊಗಟೆ ಕೈಗೆ ಬಿಟ್ಟುಕೊಡುತ್ತದೆ. ನೆನೆದಾಗ ಮುಳ್ಳು ಮೆದುವಾಗುತ್ತದೆ, ಬೇರು ಬಳುಕುತ್ತದೆ. ಒಣಗಿದಾಗ ಎಲ್ಲವೂ ಒಂದನ್ನೊಂದು ಬಿಗಿದುಕೊಳ್ಳುತ್ತವೆ. ಒಜಿಬ್ವೆ ಜನರ ಬರ್ಚ್ ತೊಗಟೆಯ ಕೆಲಸ ಕಲಿಯುವುದೆಂದರೆ ಬಹುಪಾಲು ಈ ಒದ್ದೆ ಮತ್ತು ಒಣಗುವಿಕೆಯ ಲೆಕ್ಕವನ್ನು ಬೆರಳುಗಳಿಗೆ ಕಲಿಸುವುದು. ಬಣ್ಣ, ವಿನ್ಯಾಸ, ನಯ ಎಲ್ಲ ಆಮೇಲಿನ ಮಾತು.

ಒಜಿಬ್ವೆಯವರು ಉತ್ತರ ಅಮೆರಿಕದ ಮಹಾಸರೋವರಗಳ ಸೀಮೆಯವರು. ಇಂದಿನ ಮಿಷಿಗನ್, ವಿಸ್ಕಾನ್ಸಿನ್, ಮಿನೆಸೋಟ ರಾಜ್ಯಗಳಲ್ಲಿಯೂ ಗಡಿಯಾಚೆ ಕೆನಡಾದ ಒಂಟಾರಿಯೊದಲ್ಲಿಯೂ ಅವರ ಊರುಗಳಿವೆ. ಸರ್ಕಾರಿ ಕಾಗದಗಳಲ್ಲಿ ಇವರಿಗೆ ಚಿಪ್ಪೆವಾ ಎಂಬ ಹೆಸರೂ ಇದೆ. ಅವರು ತಮ್ಮನ್ನು ಕರೆದುಕೊಳ್ಳುವುದು ಅನಿಶಿನಾಬೆ ಎಂದು; ಒಡಾವಾ ಮತ್ತು ಪೊಟವಾಟಮಿ ಜನರೂ ಅದೇ ಬಳಗ. ಈ ಮೂವರ ಒಕ್ಕೂಟಕ್ಕೆ 'ಮೂರು ಬೆಂಕಿಗಳ ಕೂಟ' ಎಂಬ ಹೆಸರಿತ್ತು. ತೊಗಟೆಯ ಮೇಲೆ ಮುಳ್ಳು ಕೂರಿಸುವುದರಲ್ಲಿ ಮಿಷಿಗನ್ನಿನ ಪೆಟೋಸ್ಕಿ, ಹಾರ್ಬರ್ ಸ್ಪ್ರಿಂಗ್ಸ್ ಸುತ್ತಲಿನ ಒಡಾವಾದವರು ಮತ್ತು ಹ್ಯೂರಾನ್ ಸರೋವರದ ಮ್ಯಾನಿಟೂಲಿನ್ ದ್ವೀಪದವರು ಹೆಸರುವಾಸಿ. ಆದ್ದರಿಂದ ಇದನ್ನು ಒಂದೇ ಪಂಗಡದ ಕಸುಬು ಎನ್ನುವುದಕ್ಕಿಂತ ಅನಿಶಿನಾಬೆ ಬಳಗದ ಕಸುಬು ಎನ್ನುವುದೇ ಸರಿ.

ತೊಗಟೆ

ಒಜಿಬ್ವೆ ಭಾಷೆಯಲ್ಲಿ ಬರ್ಚ್ ತೊಗಟೆಗೆ ವೀಗ್ವಾಸ್ ಎನ್ನುತ್ತಾರೆ. ಮರ ಪೇಪರ್ ಬರ್ಚ್: ಬೆಳ್ಳನೆಯ ಕಾಂಡ, ಕಾಗದದ ಹಾಳೆಯಂತೆ ಸುಲಿಯುವ ಮೇಲ್ಪದರ. ನಮಗೆ ಇದು ತೀರ ಅಪರಿಚಿತವಲ್ಲ. ಕಾಶ್ಮೀರದ ಪಂಡಿತರು ಗ್ರಂಥ ಬರೆದ ಭೂರ್ಜಪತ್ರ ಇದೇ ಕುಲದ ಹಿಮಾಲಯದ ಮರದ ತೊಗಟೆ. ಸಂಸ್ಕೃತದ 'ಭೂರ್ಜ' ಮತ್ತು ಇಂಗ್ಲಿಷಿನ 'ಬರ್ಚ್' ಒಂದೇ ಮೂಲದಿಂದ ಕವಲೊಡೆದ ಶಬ್ದಗಳು. ಅತ್ತ ಒಜಿಬ್ವೆಯವರೂ ತಮ್ಮ ಮಿದೇವಿವಿನ್ ಎಂಬ ವೈದ್ಯ ಸಂಪ್ರದಾಯದ ತಿಳಿವಳಿಕೆಯನ್ನು ಬರ್ಚ್ ಸುರುಳಿಗಳ ಮೇಲೆ ಚಿತ್ರಗಳಾಗಿ ಕೊರೆದಿಟ್ಟುಕೊಂಡರು. ಪರಸ್ಪರ ಕೇಳಿಯೂ ಅರಿಯದ ಎರಡು ನಾಡುಗಳು ಒಂದೇ ಬಗೆಯ ತೊಗಟೆಯನ್ನು ನೆನಪಿನ ಪಾತ್ರೆಯಾಗಿ ಆರಿಸಿಕೊಂಡದ್ದು ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ.

ಈ ತೊಗಟೆಯೇ ಏಕೆ? ಅದು ಅನೇಕ ತೆಳುಪದರಗಳ ಒಟ್ಟಿಲು. ಪದರಗಳಲ್ಲಿ ಮೇಣದಂತಹ ಪದಾರ್ಥವಿದ್ದು ನೀರನ್ನು ಒಳಗೆ ಬಿಡುವುದಿಲ್ಲ. ಬಿಳಿ ಬಣ್ಣ ಕೊಡುವ ಬೆಟ್ಯುಲಿನ್ ಎಂಬ ರಾಸಾಯನಿಕವೂ ಇದೆ. ಉತ್ತರದ ಕಾಡಿನಲ್ಲಿ ಬಿದ್ದ ಬರ್ಚ್ ಮರವನ್ನು ಕಾಲಿನಿಂದ ಒತ್ತಿದರೆ ಇದು ಅರ್ಥವಾಗುತ್ತದೆ. ಒಳಗಿನ ಮರ ಕೊಳೆತು ಪುಡಿಯಾಗಿರುತ್ತದೆ, ಹೊರಗಿನ ತೊಗಟೆಯ ಕೊಳವೆ ಮಾತ್ರ ಹಾಗೆಯೇ ಉಳಿದಿರುತ್ತದೆ. ಕಾಡಿನ ತೇವದಲ್ಲಿ ಕೊಳೆಯದ ಈ ವಸ್ತುವಿನಿಂದಲೇ ದೋಣಿ, ಮನೆಯ ಹೊದಿಕೆ, ಅನ್ನದ ಪಾತ್ರೆ ಎಲ್ಲವನ್ನೂ ಮಾಡಿಕೊಂಡರು.

ತೊಗಟೆ ತೆಗೆಯುವ ಕಾಲ ಚಿಕ್ಕದು. ಸುಮಾರು ಜೂನ್ ನಡುವಿನಿಂದ ಜುಲೈ ನಡುವಿನವರೆಗೆ, ಮರದೊಳಗೆ ರಸ ತುಂಬಿ ಹರಿಯುವಾಗ ಹೊರತೊಗಟೆ ಒಳತೊಗಟೆಯಿಂದ ಸಲೀಸಾಗಿ ಬಿಡುತ್ತದೆ. ಮೊದಲು ಮರದ ಬುಡದಲ್ಲಿ ಹೊಗೆಸೊಪ್ಪನ್ನು, ಅವರ ಮಾತಿನಲ್ಲಿ ಅಸೇಮಾವನ್ನು, ಇಟ್ಟು ತಾವು ಏನು ಕೇಳಲು ಬಂದಿದ್ದೇವೆಂದು ಹೇಳುತ್ತಾರೆ. ಇದನ್ನು ಕೆಲಸಕ್ಕೆ ಮುಂಚಿನ ಶಾಸ್ತ್ರವೆಂದು ಬದಿಗಿಟ್ಟು ಮುಂದೆ ಹೋಗುವವರು ಅರ್ಧ ಪಾಠವನ್ನೇ ಬಿಟ್ಟಂತೆ. ಒಜಿಬ್ವೆ ವ್ಯಾಕರಣದಲ್ಲಿ ನಾಮಪದಗಳು ಸಜೀವ, ನಿರ್ಜೀವ ಎಂದು ಎರಡು ಬಗೆ. 'ಮಿತಿಗ್' ಎಂಬ ಪದ ಮರ ಎಂಬ ಅರ್ಥದಲ್ಲಿ ಸಜೀವ, ಕೋಲು ಎಂಬ ಅರ್ಥದಲ್ಲಿ ನಿರ್ಜೀವ. ಬಹುವಚನದ ರೂಪವೇ ಬೇರೆಯಾಗುತ್ತದೆ. ಕನ್ನಡದಲ್ಲಿ ಮರಕ್ಕೂ ಕೋಲಿಗೂ 'ಅದು' ಎಂದೇ ಹೇಳುತ್ತೇವೆ. ಅವರ ಭಾಷೆಯಲ್ಲಿ ಮರವನ್ನು ಜೀವವೆಂದು ಒಪ್ಪದೆ ವಾಕ್ಯವೇ ಮುಗಿಯುವುದಿಲ್ಲ.

ಆಮೇಲೆ ಚಾಕು. ಕಾಂಡದ ಉದ್ದಕ್ಕೆ, ಮೇಲಿನಿಂದ ಕೆಳಕ್ಕೆ ಒಂದೇ ಸೀಳು. ಆಳ ಕೆಲವೇ ಮಿಲಿಮೀಟರ್. ಕಾಲ ಸರಿಯಾಗಿದ್ದರೆ ಸೀಳಿದ ಗೆರೆ ಸದ್ದು ಮಾಡುತ್ತ ತಾನಾಗಿಯೇ ಬಾಯಿ ಬಿಡುತ್ತದೆ. ಬೆರಳನ್ನು ಒಳಗೆ ತೂರಿಸಿ ಸುತ್ತ ಬಿಡಿಸುತ್ತ ಹೋದರೆ ಇಡೀ ಹಾಳೆ ಕೈಗೆ ಬರುತ್ತದೆ. ಎಚ್ಚರವೆಲ್ಲ ಆ ಸೀಳಿನ ಆಳದಲ್ಲಿದೆ. ಹೊರತೊಗಟೆಯ ಕೆಳಗಿರುವ ಒಳತೊಗಟೆ ಜೀವಂತ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವ ದಾರಿ ಅದು. ಅದನ್ನು ಸುತ್ತಲೂ ಕಡಿದರೆ ಮರ ಸಾಯುತ್ತದೆ. ಅದನ್ನು ಮುಟ್ಟದೆ ಹೊರಗಿನದನ್ನಷ್ಟೇ ತೆಗೆದರೆ ಮರ ಬದುಕಿಕೊಳ್ಳುತ್ತದೆ. ಕಲಿಯುವವರು ಮೊದಲ ವರ್ಷ ಹಿರಿಯರ ಪಕ್ಕದಲ್ಲಿ ನಿಂತು ನೋಡುವುದೇ ಒಳ್ಳೆಯದು. ಚಾಕುವಿನ ಆಳವನ್ನು ಬಾಯಿಮಾತಿನಲ್ಲಿ ಹೇಳಿಕೊಡಲಾಗದು.

ಯಾವ ಮರ ಎಂಬುದೂ ಮುಖ್ಯ. ತೊಗಟೆಯ ಮೇಲೆ ಅಡ್ಡಡ್ಡವಾಗಿ ಕಾಣುವ ಕಪ್ಪು ಗೀಟುಗಳು ಮರ ಉಸಿರಾಡುವ ರಂಧ್ರಗಳು. ಅವು ದಪ್ಪಗೆ, ಉಬ್ಬಿಕೊಂಡಿದ್ದರೆ ಆ ತೊಗಟೆ ಮಡಿಸುವಾಗ ಬಿರುಕು ಬಿಡುತ್ತದೆ. ಚೂರು ತೊಗಟೆಯನ್ನು ಬೆರಳುಗಳ ನಡುವೆ ಬಾಗಿಸಿ ನೋಡಿ, ಪದರಗಳು ಬೇರ್ಪಡದಿದ್ದರೆ ಮಾತ್ರ ಆ ಮರಕ್ಕೆ ಚಾಕು ತಾಗಿಸುತ್ತಾರೆ. ಚಳಿ ಪೂರ್ತಿ ಕಳೆಯುವ ಮುಂಚೆ ತೆಗೆದ ತೊಗಟೆಯ ಕಥೆಯೇ ಬೇರೆ. ಸುಲಭಕ್ಕೆ ಬಿಡುವುದಿಲ್ಲ, ಆದರೆ ಒಳಮೈಗೆ ಗಾಢ ಕಂದು ಪದರವೊಂದು ಅಂಟಿಕೊಂಡೇ ಬರುತ್ತದೆ. ಅದನ್ನು ಒದ್ದೆ ಮಾಡಿ ಕೆರೆದರೆ ಕೆಳಗಿನ ತಿಳಿ ಬಣ್ಣ ಕಾಣುತ್ತದೆ. ಎಲೆ, ಹೂವು, ಪ್ರಾಣಿಗಳನ್ನು ಹೀಗೆ ಕೆರೆದೇ ಬಿಡಿಸುತ್ತಾರೆ.

ಮಡಿಕೆ

ಬುಟ್ಟಿ ಎಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಮೇದಾರರ ಬಿದಿರಿನ ಹೆಣಿಗೆ. ಮಕಕ್ ಎಂಬ ಒಜಿಬ್ವೆ ತೊಗಟೆಯ ಪಾತ್ರೆಯಲ್ಲಿ ಹೆಣಿಗೆಯೇ ಇಲ್ಲ. ಅದನ್ನು ದೊನ್ನೆಯ ಬಳಗಕ್ಕೆ ಸೇರಿಸಬೇಕು: ಒಂದು ಹಾಳೆ, ನಾಲ್ಕು ಮೂಲೆಯ ಮಡಿಕೆ, ಅಂಚಿಗೊಂದು ಹೊಲಿಗೆ. ಮೂಲೆಗಳನ್ನು ಕತ್ತರಿಸದೆ ಒಳಕ್ಕೆ ಮಡಿಸಿದರೆ ನೀರು ಸೋರಲು ದಾರಿಯೇ ಇರುವುದಿಲ್ಲ. ವಸಂತದಲ್ಲಿ ಮೇಪಲ್ ಮರದ ರಸ ಹಿಡಿಯಲು ಇಂತಹ ಪಾತ್ರೆಗಳನ್ನೇ ಮರದ ಬುಡದಲ್ಲಿ ಇಡುತ್ತಿದ್ದರು. ರಸ ಕುದಿಸಿ ಮಾಡಿದ ಸಕ್ಕರೆಯನ್ನು ತುಂಬಿಡಲು ಬೇರೆ ಮಕಕ್, ಸರೋವರದಲ್ಲಿ ಬೆಳೆಯುವ ಮನೋಮಿನ್ ಎಂಬ ಕಾಡಕ್ಕಿಯನ್ನು ಕೇರಲು ತೊಗಟೆಯದೇ ಅಗಲ ಮೊರ. ತೊಗಟೆಯ ಪಾತ್ರೆಯಲ್ಲಿ ನೀರು ಕಾಯಿಸುವುದೂ ಉಂಟು. ಒಳಗೆ ನೀರಿರುವವರೆಗೆ ಆ ನೀರೇ ಶಾಖವನ್ನು ಎಳೆದುಕೊಳ್ಳುವುದರಿಂದ ತೊಗಟೆ ಉರಿಯುವ ಬಿಸಿಗೆ ಏರುವುದಿಲ್ಲ. ಉರಿ ನೀರಿನ ಮಟ್ಟವನ್ನು ದಾಟಿ ಮೇಲಿನ ಅಂಚಿಗೆ ತಾಗದಂತೆ ನೋಡಿಕೊಂಡರೆ ಸಾಕು.

ಸುಲಿದ ತೊಗಟೆ ತನ್ನ ಹಳೆಯ ಬಾಗನ್ನು ಬಿಟ್ಟು ವಿರುದ್ಧ ದಿಕ್ಕಿಗೆ ಸುರುಳಿಯಾಗಲು ಹವಣಿಸುತ್ತದೆ, ಬಿಳಿ ಮೈ ಒಳಗಾಗಿ. ಹೊಸಬರು ಚೆಂದಕ್ಕೆಂದು ಬಿಳಿಯನ್ನು ಹೊರಗಿಟ್ಟು ಅದರೊಡನೆ ಗುದ್ದಾಡುತ್ತಾರೆ. ಬಲ್ಲವರು ಅದು ಹೋಗುವ ಕಡೆಗೇ ಹೋಗಿ, ಬಿಳಿಯನ್ನು ಒಳಗಿಟ್ಟು ಕಂದುಹಳದಿಯ ನಯವಾದ ಮೈಯನ್ನು ಹೊರಗೆ ತರುತ್ತಾರೆ. ಬರ್ಚ್ ದೋಣಿಯಲ್ಲಿಯೂ ನೀರಿಗೆ ತಾಗುವುದು ಮರದ ಒಳಮೈಯೇ. ಒಣಗಿ ಬಿರುಸಾದ ಹಾಳೆಯನ್ನು ಬಿಸಿನೀರು ಅಥವಾ ಬೆಂಕಿಯ ಶಾಖ ತೋರಿಸಿ ಮತ್ತೆ ಬಳುಕುವಂತೆ ಮಾಡಬಹುದು. ಶಾಖದಲ್ಲಿ ಮಡಿಸಿ, ಆರುವವರೆಗೆ ಕ್ಲಿಪ್ಪುಗಳಿಂದ ಹಿಡಿದಿಟ್ಟರೆ ಮಡಿಕೆ ನಿಲ್ಲುತ್ತದೆ.

ಹೊಲಿಯುವ ದಾರ ಸ್ಪ್ರೂಸ್ ಮರದ ಬೇರು ಅಥವಾ ಬಾಸ್‌ವುಡ್ ಮರದ ಒಳನಾರು. ಬೇರನ್ನು ನೆಲದಿಂದ ಎಳೆದು, ಸಿಪ್ಪೆ ತೆಗೆದು, ಉದ್ದಕ್ಕೆ ಎರಡಾಗಿ ಸೀಳಿ, ನೆನೆಸಿಟ್ಟುಕೊಳ್ಳುತ್ತಾರೆ. ಸೀಳು ಒಂದು ಬದಿಗೆ ಸರಿಯತೊಡಗಿದರೆ ದಪ್ಪವಿರುವ ಬದಿಯನ್ನು ಹೆಚ್ಚು ಬಾಗಿಸಬೇಕು, ಆಗ ಸೀಳು ನಡುವಿಗೆ ಮರಳುತ್ತದೆ. ಒದ್ದೆ ಬೇರಿನಿಂದ ಬಿಗಿಯಾಗಿ ಹೊಲಿದು ಬಿಟ್ಟರೆ ಒಣಗಿದ ಮೇಲೆ ಅದು ತಂತಿಯಂತೆ ಗಟ್ಟಿ. ಬಾಯಿಯ ಅಂಚಿಗೆ ಸಣ್ಣ ಕೊಂಬೆಯನ್ನೋ ಸೀಡರ್ ಸೀಳನ್ನೋ ಬಳೆಯಂತೆ ಇಟ್ಟು ಸುತ್ತಿ ಹೊಲಿಯುತ್ತಾರೆ.

ಹಳೆಯ ಮಕಕ್ ಒಂದರ ಅಂಚನ್ನು ಹತ್ತಿರದಿಂದ ನೋಡಿ. ಹೊಲಿಗೆಗಳು ಒಂದು ಉದ್ದ, ಒಂದು ಗಿಡ್ಡ, ಮತ್ತೆ ಒಂದು ಉದ್ದ. ಅಲಂಕಾರವೆಂದು ತೋರುತ್ತದೆ, ಆದರೆ ಕಾರಣ ಬೇರೆ. ತೊಗಟೆ ಸುಲಭವಾಗಿ ಸೀಳುವುದು ಆ ಅಡ್ಡ ಗೀಟುಗಳ ದಿಕ್ಕಿನಲ್ಲಿ. ಹೊಲಿಗೆಯ ರಂಧ್ರಗಳೆಲ್ಲ ಒಂದೇ ಸಾಲಿನಲ್ಲಿ, ಗೀಟಿಗೆ ಸಮಾನಾಂತರವಾಗಿ ಬಿದ್ದರೆ ಅಂಚೆಚೀಟಿಯ ಹಾಳೆಯಂತೆ ಅಂಚು ಹರಿದು ಕೈಗೆ ಬರುತ್ತದೆ. ರಂಧ್ರಗಳನ್ನು ಮೇಲೆ ಕೆಳಗೆ ಮಾಡಿದರೆ ಎಳೆತ ಹಂಚಿಹೋಗುತ್ತದೆ. ಈ ಕಸುಬಿನ ಅನೇಕ ಸೊಗಸುಗಳು ಹೀಗೆ ತೊಗಟೆಯ ಸ್ವಭಾವಕ್ಕೆ ಕೊಟ್ಟ ಉತ್ತರಗಳು.

ಮುಳ್ಳು

ಒಜಿಬ್ವೆಯಲ್ಲಿ ಮುಳ್ಳುಹಂದಿಗೆ ಗಾಗ್ ಎಂದು ಹೆಸರು. ಉತ್ತರ ಅಮೆರಿಕದ ಈ ಪ್ರಾಣಿ ಮರ ಹತ್ತುತ್ತದೆ, ಚಳಿಗಾಲದಲ್ಲಿ ಮರದ ತೊಗಟೆ ಮತ್ತು ಎಲೆ ತಿಂದು ಬದುಕುತ್ತದೆ. ಮೈಮೇಲೆ ಸುಮಾರು 30,000 ಮುಳ್ಳುಗಳು. ಮುಳ್ಳನ್ನು ಎಸೆಯುತ್ತದೆ ಎಂಬ ನಂಬಿಕೆ ಅಲ್ಲಿಯೂ ಇದೆ, ಇಲ್ಲಿಯೂ ಇದೆ, ನಿಜವಲ್ಲ. ಮುಟ್ಟಿದವರಿಗೆ ಅವು ಚುಚ್ಚಿಕೊಂಡು ಪ್ರಾಣಿಯ ಮೈಯಿಂದ ಕಳಚಿ ಬರುತ್ತವೆ. ನಮ್ಮ ಕಾಡಿನ ಮುಳ್ಳುಹಂದಿ ಬೇರೆಯೇ ಕುಟುಂಬದ್ದು. ಸೀಮಂತದ ಶಾಸ್ತ್ರದಲ್ಲಿ ಗರ್ಭಿಣಿಯ ಬೈತಲೆ ತೆಗೆಯಲು ಹೇಳಿರುವ ಮುಳ್ಳು ಅದರದು: ದಪ್ಪ, ಉದ್ದ, ಕಪ್ಪುಬಿಳಿ ಪಟ್ಟೆಯದು, ಮೈ ನುಣುಪು. ಅಮೆರಿಕದ ಮುಳ್ಳು ಹತ್ತು ಸೆಂಟಿಮೀಟರಿನೊಳಗಿನ ತೆಳುಕಡ್ಡಿ, ಮೈ ಬಿಳಿ, ತುದಿ ಕಂದುಕಪ್ಪು. ಆ ತುದಿಯ ಸುಮಾರು ನಾಲ್ಕು ಮಿಲಿಮೀಟರಿನಲ್ಲಿ ಬರಿಗಣ್ಣಿಗೆ ಕಾಣದ ಹಿಮ್ಮುಖ ಗರಗಸ. 2012ರಲ್ಲಿ ಬಾಸ್ಟನ್ನಿನ ಸಂಶೋಧಕರು ಈ ಗರಗಸವಿರುವ ಮುಳ್ಳು ಗರಗಸವಿಲ್ಲದ ಮುಳ್ಳಿಗಿಂತ ಸುಮಾರು ಅರ್ಧ ಬಲದಲ್ಲಿಯೇ ಒಳಹೋಗುತ್ತದೆ, ಹೊರಗೆಳೆಯಲು ಮಾತ್ರ ಹೆಚ್ಚು ಬಲ ಬೇಕು ಎಂದು ತೋರಿಸಿದರು. ಮುಳ್ಳಿನ ಕೆಲಸದವರು ನೆಲಕ್ಕೆ ಬಿದ್ದ ಒಂದು ಮುಳ್ಳನ್ನೂ ಹುಡುಕದೆ ಎದ್ದುಹೋಗದಿರುವುದು ಇದಕ್ಕೇ. ಚರ್ಮದೊಳಗೆ ಮುರಿದ ತುದಿ ಹಿಂದೆ ಬರುವುದಿಲ್ಲ, ಮುಂದೆಯೇ ಸಾಗುತ್ತದೆ.

ಮುಳ್ಳು ಸಿಗುವುದು ಹೆಚ್ಚಾಗಿ ರಸ್ತೆಯಲ್ಲಿ ವಾಹನಕ್ಕೆ ಸಿಕ್ಕು ಸತ್ತ ಪ್ರಾಣಿಗಳಿಂದ. ಬದುಕಿರುವ ಪ್ರಾಣಿಯ ಬೆನ್ನಿಗೆ ಕಂಬಳಿ ತಾಗಿಸಿ, ಅದಕ್ಕೆ ಚುಚ್ಚಿಕೊಂಡ ಮುಳ್ಳುಗಳನ್ನಷ್ಟೇ ತೆಗೆದುಕೊಂಡು ಪ್ರಾಣಿಯನ್ನು ಅದರ ದಾರಿಗೆ ಬಿಡುವ ಹಳೆಯ ಉಪಾಯವೂ ಇದೆ. ಮುಳ್ಳಿಗೆ ಜಿಡ್ಡು ಇರುವುದರಿಂದ ಸೋಪಿನ ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು; ಜಿಡ್ಡು ಉಳಿದರೆ ಬಣ್ಣ ಹಿಡಿಯದು. ಆಮೇಲೆ ವಿಂಗಡಣೆ. ಬಾಲದವು ದಪ್ಪ, ಬೆನ್ನಿನವು ಉದ್ದ, ಕತ್ತು ಮತ್ತು ಪಕ್ಕೆಯವು ನವಿರು. ದಳದ ತುದಿಯಂತಹ ಸೂಕ್ಷ್ಮ ಜಾಗಕ್ಕೆ ನವಿರಾದವೇ ಬೇಕು. ಬೇಸರ ಹುಟ್ಟಿಸುವ ಈ ಕೆಲಸವನ್ನು ಹಾರಿಸಿದವರ ಹೂವು ಕೊನೆಗೆ ಒರಟಾಗಿಯೇ ಕಾಣುತ್ತದೆ.

ಬಣ್ಣಕ್ಕೆ ಹಿಂದೆ ಬ್ಲಡ್‌ರೂಟ್ ಎಂಬ ಗಿಡದ ಕೆಂಪು ಬೇರು, ಗೋಲ್ಡ್‌ಥ್ರೆಡ್ ಎಂಬುದರ ಹಳದಿ ಬೇರು, ಕಪ್ಪಿಗೆ ವಾಲ್ನಟ್ ಸಿಪ್ಪೆ. 19ನೇ ಶತಮಾನದ ಕೊನೆಯ ಹೊತ್ತಿಗೆ ಅಂಗಡಿಯ ಬಣ್ಣಗಳು ಬಂದವು. ಯಾವುದಾದರೂ ಸರಿ, ಮುಳ್ಳನ್ನು ಕೊತಕೊತ ಕುದಿಸಬಾರದು. ಕುದಿದ ಮುಳ್ಳು ಜೀವ ಕಳೆದುಕೊಂಡು ಮೆತ್ತಗಾಗುತ್ತದೆ. ಅನೇಕರು ಬಣ್ಣವನ್ನೇ ಹಾಕದೆ ಮುಳ್ಳಿನ ಸಹಜ ಬಿಳಿ, ಕಂದು, ಕಪ್ಪುಗಳಲ್ಲಿಯೇ ಗರಿಯ ಪಟ್ಟೆಯನ್ನೂ ಆಮೆಯ ಬೆನ್ನನ್ನೂ ತರುತ್ತಾರೆ. ನನಗೆ ಹೆಚ್ಚು ಇಷ್ಟವಾಗುವುದು ಅವೇ.

ಈಗ ಒಂದು ದಳ. ಮುಚ್ಚಳದ ತೊಗಟೆಯ ಮೇಲೆ ದಳದ ಅಂಚನ್ನು ಮೊನೆಯಿಂದ ನವಿರಾಗಿ ಗೀರಿದ್ದಾಗಿದೆ. ನೀರಿನಲ್ಲಿ ನೆನೆದ ಮುಳ್ಳೊಂದನ್ನು ಎತ್ತಿಕೊಳ್ಳುತ್ತೀರಿ. ಕಡ್ಡಿಯಂತಿದ್ದದ್ದು ಈಗ ಬಾಗುತ್ತದೆ. ದಬ್ಬಣದಿಂದ ಗೆರೆಯ ಒಂದು ಬದಿಯಲ್ಲಿ ರಂಧ್ರ. ಅದು ಮುಳ್ಳಿಗಿಂತ ದೊಡ್ಡದಾಗಬಾರದು, ಮುಳ್ಳು ತುಸು ಒತ್ತಿಯೇ ಇಳಿಯಬೇಕು. ಮೊನಚು ತುದಿಯನ್ನು ಮೇಲಿನಿಂದ ತೂರಿಸಿ, ಹಿಂಬದಿಯಿಂದ ಚಿಮಟದಲ್ಲಿ ಎಳೆಯಬೇಕು. ಗೆರೆಯ ಎದುರು ಬದಿಯಲ್ಲಿ ಇನ್ನೊಂದು ರಂಧ್ರ; ಮುಳ್ಳಿನ ಇನ್ನೊಂದು ತುದಿ ಅದರೊಳಗೆ. ಎರಡೂ ತುದಿಗಳನ್ನು ಹಿಂಬದಿಯಲ್ಲಿ ಮಡಿಸಿ, ಉಗುರಿನಿಂದ ಒತ್ತಿ, ಹೆಚ್ಚಿನದನ್ನು ಕತ್ತರಿಸಿದರೆ ಒಂದು ಗೆರೆ ಮುಗಿಯಿತು. ಮುಂದಿನ ಮುಳ್ಳು ಇದರ ಮಗ್ಗುಲಲ್ಲಿ, ನಡುವೆ ತೊಗಟೆ ಇಣುಕದಷ್ಟು ಹತ್ತಿರ, ಆದರೆ ರಂಧ್ರಕ್ಕೆ ರಂಧ್ರ ಕೂಡಿ ತೊಗಟೆ ಸೀಳದಷ್ಟು ದೂರ. ಒಣಗುತ್ತ ತೊಗಟೆಯ ರಂಧ್ರ ಮುಳ್ಳನ್ನು ಹಿಡಿದುಕೊಳ್ಳುತ್ತದೆ, ಮಡಿಸಿದ ತುದಿ ಮಡಿಸಿದಂತೆಯೇ ಗಟ್ಟಿಯಾಗುತ್ತದೆ. ಮೊದಲು ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿದೆ. ಹಿಂಬದಿಯ ತುದಿಗಳ ಕಾಡು ಕಾಣದಂತೆ ಇನ್ನೊಂದು ತೊಗಟೆಯ ಹಾಳೆಯನ್ನು ಒಳಗೆ ಅಸ್ತರಿಯಾಗಿ ಇಟ್ಟು, ಅಂಚಿಗೆ ವೀಂಗಶ್ಕ್ ಎಂಬ ಪರಿಮಳದ ಹುಲ್ಲನ್ನು ಸುತ್ತಿ ದಾರದಿಂದ ಹೊಲಿಯುತ್ತಾರೆ.

ಕಲಿಯುವವರು ಮೊದಲೇ ಡಬ್ಬಿಗೆ ಕೈ ಹಾಕಿದರೆ ಮುಚ್ಚಳ ಕೂರುವುದಿಲ್ಲ, ಹೂವೂ ಕೂರುವುದಿಲ್ಲ. ಒಂದು ಚಿಕ್ಕ ಮಡಿಕೆಯ ಮಕಕ್, ಆಮೇಲೆ ಅಂಚಿನ ಹೊಲಿಗೆ, ಆಮೇಲೆ ರೂಪಾಯಿ ನಾಣ್ಯದಷ್ಟು ತೊಗಟೆಯ ಮೇಲೆ ನಕ್ಷತ್ರವೊಂದು. ಈ ಕ್ರಮದಲ್ಲಿ ಹೋದರೆ ಕೈ ತಪ್ಪಿದ್ದೆಲ್ಲಿ ಎಂದು ಪ್ರತಿ ಸಲವೂ ತಿಳಿಯುತ್ತದೆ. ವಿನ್ಯಾಸ ಹುಡುಕಲು ಹಳೆಯದೊಂದು ದಾರಿ ಇದೆ. ತೆಳುವಾದ ತೊಗಟೆಯ ಪದರವನ್ನು ನಾಲ್ಕಾಗಿ ಎಂಟಾಗಿ ಮಡಿಸಿ ಹಲ್ಲಿನಿಂದ ಕಚ್ಚಿ, ಬಿಡಿಸಿ ಬೆಳಕಿಗೆ ಹಿಡಿದರೆ ಹೂವೋ ಚಿಟ್ಟೆಯೋ ಮೂಡಿರುತ್ತದೆ. ಹೀಗೆ ಕಚ್ಚಿ ಮೂಡಿಸುವುದೇ ಸ್ವತಂತ್ರ ಕಲೆಯಾಗಿ ಬೆಳೆದಿದೆ.

ಮುಳ್ಳಿನ ಅಲಂಕಾರ ಯುರೋಪಿನ ಗಾಜಿನ ಮಣಿಗಳು ಬರುವ ಎಷ್ಟೋ ಮುಂಚಿನದು. ಮಣಿಗೆ ತೊಳೆಯುವುದು, ವಿಂಗಡಿಸುವುದು, ನೆನೆಸುವುದು ಯಾವುದೂ ಬೇಡ. ಹಾಗಾಗಿ ಬಟ್ಟೆ ಮತ್ತು ಚರ್ಮದ ಮೇಲೆ ಮಣಿ ಗೆದ್ದಿತು, ಮುಳ್ಳು ತೊಗಟೆಯ ಮೇಲೆ ಉಳಿಯಿತು. 19ನೇ ಶತಮಾನದಲ್ಲಿ ಜಮೀನು ಕೈಬಿಟ್ಟು ಹೋದ ಕುಟುಂಬಗಳಿಗೆ, ಸರೋವರದ ದಡಕ್ಕೆ ಬರುವ ಪ್ರವಾಸಿಗರಿಗೆ ಮಾರುವ ಡಬ್ಬಿಯೇ ಜೀವನೋಪಾಯವಾಯಿತು. ಅದೇ ಹೊತ್ತಿಗೆ ಮಕ್ಕಳನ್ನು ಮನೆಯಿಂದ ಕಿತ್ತು ವಸತಿ ಶಾಲೆಗಳಿಗೆ ಒಯ್ದು, ಅವರ ಭಾಷೆಯನ್ನೇ ಬಾಯಿಂದ ಅಳಿಸಲು ನೋಡಿದರು. ಅಜ್ಜಿಯ ಪಕ್ಕದಲ್ಲಿ ಕುಳಿತು ಕಲಿಯಬೇಕಾದದ್ದು ಅನೇಕ ಮನೆಗಳಲ್ಲಿ ಅಲ್ಲಿಗೇ ತುಂಡಾಯಿತು. ಇಷ್ಟಾದರೂ ಉಳಿಸಿಕೊಂಡ ಮನೆಗಳಿದ್ದವು. ಪೆಟೋಸ್ಕಿಯ ಇವೊನ್ ವಾಕರ್ ಕೆಶಿಕ್ ಎಂಬ ಒಡಾವಾ ಕಲಾವಿದೆಗೆ 2014ರಲ್ಲಿ ಮುಳ್ಳಿನ ಕೆಲಸಕ್ಕಾಗಿಯೇ ಅಮೆರಿಕದ ನ್ಯಾಷನಲ್ ಹೆರಿಟೇಜ್ ಫೆಲೋಶಿಪ್ ಸಂದಿತು.

ಮಿನಿಯಾಪೊಲಿಸ್, ಡೆಟ್ರಾಯಿಟ್, ಟೊರಾಂಟೊಗಳಲ್ಲಿ ನೆಲೆಸಿರುವ ಕನ್ನಡಿಗರು ಇದನ್ನು ಕಲಿಯಬಹುದೇ? ಹೇಳಿಕೊಡುವವರು ಕರೆದರೆ ಅವಶ್ಯ ಹೋಗಿ, ಕೆಲಸದ ಜೊತೆಗೆ ಪದಗಳನ್ನೂ ಕಲಿಯಿರಿ. ಚಳಿಗಾಲದಲ್ಲಿ, ನೆಲದ ಮೇಲೆ ಹಿಮ ಇರುವಾಗ ಮಾತ್ರ ಹೇಳುವ ಕಥೆಗಳಿವೆ. ಬೇಸಗೆಯಲ್ಲಿ ಅವನ್ನು ಕೇಳಿ ಒತ್ತಾಯಿಸಬೇಡಿ. ಮಾಡಿದ್ದನ್ನು ಮನೆಯಲ್ಲಿಟ್ಟುಕೊಳ್ಳಿ. ಮೂಲನಿವಾಸಿಗಳು ಮಾಡದ ವಸ್ತುವನ್ನು ಅವರು ಮಾಡಿದ್ದೆಂದು ಮಾರುವುದು ಅಮೆರಿಕದ 1990ರ ಕಾಯ್ದೆಯ ಪ್ರಕಾರ ಅಪರಾಧ. ಕೊಳ್ಳುವವರಾದರೆ ಮಾಡಿದವರ ಕೈಯಿಂದಲೇ ಕೊಳ್ಳಿ, ಬೆಲೆ ಕೇಳಿ ಹುಬ್ಬೇರಿಸಬೇಡಿ. ಆ ಬೆಲೆಯಲ್ಲಿ ಜೂನ್ ತಿಂಗಳ ಕಾಡಿದೆ, ವಾರಗಟ್ಟಲೆಯ ವಿಂಗಡಣೆಯಿದೆ.

ಕಾಡಿಗೆ ಹೋಗುವ ಹಕ್ಕೂ ಪುಕ್ಕಟೆಯಾಗಿ ಉಳಿದದ್ದಲ್ಲ. 1837 ಮತ್ತು 1842ರ ಒಪ್ಪಂದಗಳಲ್ಲಿ ಒಜಿಬ್ವೆಯವರು ನೆಲ ಬಿಟ್ಟುಕೊಟ್ಟಾಗಲೂ ಬೇಟೆ, ಮೀನು, ಕಾಡುತ್ಪತ್ತಿಗಳ ಹಕ್ಕನ್ನು ಉಳಿಸಿಕೊಂಡಿದ್ದರು. ವಿಸ್ಕಾನ್ಸಿನ್ ರಾಜ್ಯ ಅದನ್ನು ಬಹುಕಾಲ ಮಾನ್ಯ ಮಾಡಲಿಲ್ಲ. 1983ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಹಕ್ಕು ಇಂದಿಗೂ ಜೀವಂತ ಎಂದಿತು. ಮರುವರ್ಷವೇ ಹಲವು ಒಜಿಬ್ವೆ ಪಂಗಡಗಳು ಸೇರಿ ಗ್ರೇಟ್ ಲೇಕ್ಸ್ ಇಂಡಿಯನ್ ಫಿಶ್ ಅಂಡ್ ವೈಲ್ಡ್‌ಲೈಫ್ ಕಮಿಷನ್ ಕಟ್ಟಿಕೊಂಡವು. ಹಕ್ಕು ಉಳಿಯಿತು, ಮರ ಕಡಿಮೆಯಾಗುತ್ತಿದೆ. ಪೇಪರ್ ಬರ್ಚ್ ಬಿಸಿಲು ಬೇಡುವ, ಕಾಡ್ಗಿಚ್ಚಿನ ನಂತರ ಮೊದಲು ಮೊಳೆಯುವ, ಅಲ್ಪಾಯುಷಿ ಮರ. 20ನೇ ಶತಮಾನದುದ್ದಕ್ಕೂ ಬೆಂಕಿಯನ್ನು ಅಡಗಿಸಿದ್ದರಿಂದ ಹಳೆಯ ಬರ್ಚ್‌ಗಳ ನೆರಳಿನಲ್ಲಿ ಹೊಸವು ಏಳಲಿಲ್ಲ. ಬಿಸಿ ಮತ್ತು ಬರದಿಂದ ಸೊರಗಿದವುಗಳಿಗೆ ಕಾಂಡ ಕೊರೆಯುವ ಹುಳ ಬೀಳುತ್ತದೆ. ದೋಣಿಗೆ ಆಗುವಷ್ಟು ದೊಡ್ಡ ಹಾಳೆ ಕೊಡುವ ಮರ ಸಿಗಬೇಕಾದರೆ ಈಗ ಬಹಳ ದೂರ ಸುತ್ತಬೇಕು.

ಹೀಗೆ ಸುತ್ತುವವರಿಗೆ ಆಗಾಗ ಬಿಳಿ ಕಾಂಡದ ನಡುವೆ ಎದೆಯೆತ್ತರದಲ್ಲಿ ಕಪ್ಪು, ಒರಟು ಪಟ್ಟಿಯಿರುವ ಮರವೊಂದು ಎದುರಾಗುತ್ತದೆ. ಎಷ್ಟೋ ವರ್ಷಗಳ ಹಿಂದೆ ಯಾರೋ ಅಲ್ಲಿಂದ ಒಂದು ಹಾಳೆ ತೆಗೆದಿದ್ದಾರೆ. ಆ ಜಾಗದಲ್ಲಿ ಮತ್ತೆ ಬಿಳಿ ಬಂದಿಲ್ಲ. ಪಟ್ಟಿಯ ಮೇಲೆ ಕೊಂಬೆಗಳಿವೆ, ಕೊಂಬೆಗಳ ತುಂಬ ಎಲೆಗಳಿವೆ.